ಹನ್ನೆರಡು ಸಾವಿರದ ಅಂದಾಜು

ಮಗಳು ಸಬೀರಾಳ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಂದೆಯ ತಿಂಗಳ ಅಂದಾಜು ಆದಾಯ ಬರೆಯಬೇಕಿತ್ತು. ನಮ್ಮವರು ತಿಕೋಟಾದ ತಮ್ಮ ಬಟ್ಟೆ ಅಂಗಡಿಯಲ್ಲಿ, ಪಕ್ಕದ ಕಾಳಿನ ಅಂಗಡಿಯ ಶಿವಯೋಗೆಪ್ಪನವರ ಎದುರಿಗೇ ಅದನ್ನು ತುಂಬಿದರು. ಅವರ ಮುಂದೆ ಕಡಿಮೆ ಬರೆಯಲು ಕೈ ಬರಲಿಲ್ಲ. ಹನ್ನೆರಡು ಸಾವಿರ ಎಂದು ಬರೆದರು. ಶಿವಯೋಗೆಪ್ಪನವರು ತಮ್ಮ ಮಗನ ಅರ್ಜಿಯಲ್ಲಿ ಹದಿಮೂರು ಬರೆದರು. ಒಬ್ಬರಿಗೊಬ್ಬರು ಸಾಕ್ಷಿ ಹಾಕಿದರು.

ಜುಲೈನಲ್ಲಿ ತೆರಿಗೆ ಲೆಕ್ಕ ಸಲ್ಲಿಸಿದಾಗ ನಮ್ಮ ನಿಜವಾದ ಆದಾಯ ತಿಂಗಳಿಗೆ ಒಂಬತ್ತೇ ಸಾವಿರ. ಹತ್ತು ಸಾವಿರ ದಾಟಿದವರ ಮಕ್ಕಳಿಗೆ ವೇತನವಿಲ್ಲ, ವೇತನವಿಲ್ಲದೆ ಸಬೀರಾಳಿಗೆ ವಿಜಾಪುರದ ಕಾಲೇಜಿಲ್ಲ.

"ಅಂಕಿ ತಿದ್ದಬಹುದ್ರಿ, ಆದರ ಮೊದಲಿನ ಸಾಕ್ಷಿದಾರರ ಸಹಿ ಬೇಕು," ಎಂದ ವಿಜಾಪುರದ ವಿದ್ಯಾರ್ಥಿವೇತನ ಕಚೇರಿಯ ಗುಮಾಸ್ತ.

"ಮೂರು ಸಾವಿರ ಎಲ್ಲಿ ಹೋತು ಅಂತ ಶಿವಯೋಗೆಪ್ಪ ಕೇಳಿದ್ರ ಏನ ಹೇಳಲಿ?" ಎಂದು ನಮ್ಮವರು ಮೂರು ದಿನ ಮನೆಯಲ್ಲೇ ಕೂತರು.

"ನಿಮ್ಮ ಮರ್ಯಾದಿ ನೀವು ಕಾಯ್ಕೊಂಡು ಕೂಡ್ರಿ," ಎಂದೆ. ರೊಟ್ಟಿ ಹಿಟ್ಟಿನ ಕೈ ತೊಳೆದು, ಅರ್ಜಿ ಹಿಡಿದು ಕಾಳಿನ ಅಂಗಡಿಗೆ ನಾನೇ ಹೋದೆ.

ಶಿವಯೋಗೆಪ್ಪನವರು ಎರಡು ಸಲ ಓದಿದರು. "ಒಂಬತ್ತು ಖರೇನಾ, ಆಶಾಬಿ?"

"ಖರೇ ಐತ್ರಿ ಅಣ್ಣಾರ."

ಅವರು ಸಹಿ ಹಾಕಿದರು. ಆಮೇಲೆ ಗಾದಿಯ ಕೆಳಗಿನಿಂದ ತಮ್ಮ ಮಗನ ಅರ್ಜಿಯನ್ನು ತೆಗೆದರು.

"ನಮ್ಮದು ಎಂಟೂವರಿ ಬಂದೈತವ್ವಾ. ಇದಕ್ಕ ನಿನ್ನ ಗಂಡ ಫಕ್ರುದ್ದೀನನ ಸಹಿ ಹಾಕಿಸ್ಕೊಂಡು ಬಾ. ನನಗ ಕೇಳಾಕ ನಾಚಿಕಿ ಆಗೇತಿ."

ಮನೆಗೆ ತಂದು ತೋರಿಸಿದೆ. ಎಂಟೂವರೆ ನೋಡಿ ನಮ್ಮವರ ಮುಖ ಅರಳಿತು.

"ನಮಗಿಂತ ಐನೂರು ಕಡಿಮಿ!" ಎನ್ನುತ್ತ ಸಹಿ ಹಾಕಿ, ಟೋಪಿ ಇಟ್ಟುಕೊಂಡು, ಎರಡೂ ಅರ್ಜಿ ಹಿಡಿದು ತಾವೇ ಬಸ್ಸಿಗೆ ಓಡಿದರು.