ಇಕ್ಕಳದ ಹಲ್ಲಿನ ಗುರುತು

ಮೂರನೇ ಪೆಟ್ಟಿಗೂ ಗುಂಡು ಅಲುಗಲಿಲ್ಲ. ಆರ್ಲಿಸ್ ತೋಟಾದಿಂದ ಗುಂಡು ಕೀಳುವ ಪ್ಲಾಸ್ಟಿಕ್ ಸುತ್ತಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಅದರ ಟೊಳ್ಳು ತಲೆಯೊಳಗೆ ತೋಟಾ ತಲೆಕೆಳಗಾಗಿ ನಿಂತಿತ್ತು. ಗುಂಡು ಹಿತ್ತಾಳೆಯ ಕೊಳವೆಯನ್ನು ಕಚ್ಚಿಕೊಂಡೇ ಇತ್ತು.

"ಹಳೇದು, ಅಂಟ್ಕೊಂಡಿರುತ್ತೆ," ಎಂದಳು ಮೇವಿಸ್. ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಅವಳು ಮೇಜಿನ ಮೇಲೇ ಕಣ್ಣಿಟ್ಟಿದ್ದಳು. "ಮೊದ್ಲು ಗುಂಡನ್ನ ಒಂಚೂರು ಒಳಗೆ ಒತ್ತು, ಅಂಟು ಬಿಡುತ್ತೆ. ಅದೂ ಮರ್ತುಹೋಯ್ತಾ ನಿಂಗೆ?"

ಮರೆತಿರಲಿಲ್ಲ. ವರ್ಷಗಳಿಂದ ಸುತ್ತಿಗೆ ಮುಟ್ಟಿರಲಿಲ್ಲ, ಅಷ್ಟೆ.

ಮೇವಿಸ್ ಆರ್ಲಿಸ್‌ಳ ಗಂಡ ಓರಿನ್‌ನ ಅಕ್ಕ. ನೆಲಮಾಳಿಗೆಯಲ್ಲಿ ಕೆಟ್ಟು ಕೂತಿದ್ದ ಫ್ರೀಜರನ್ನು ತನ್ನ ಪಿಕಪ್ಪಿನಲ್ಲಿ ಸಾಗಿಸಿ ಗುಜರಿಗೆ ಹಾಕುತ್ತೇನೆಂದು ಬೆಳಿಗ್ಗೆ ಬಂದಿದ್ದಳು. ಇಬ್ಬರೂ ಸೇರಿ ಅದನ್ನು ಗೋಡೆಯಿಂದ ಎಳೆದಾಗ ಹಿಂದಿನ ಸಂದಿನಲ್ಲಿ ಒಂದು ಹಸಿರು ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಮೇವಿಸ್ ಮುಚ್ಚಳ ತೆಗೆದು, ಒಳಗೆ ಇನ್ನೂ ಇಪ್ಪತ್ತು ತೋಟಾ ಸಾಲಾಗಿ ನಿಂತಿದ್ದನ್ನು ಕಂಡು, ಇವತ್ತು ಬಂದದ್ದಕ್ಕೂ ಸಾರ್ಥಕವಾಯಿತು ಎಂದಳು. ಲೂಯಿಸ್‌ಟೌನಿನ ಅಂಗಡಿಗಳಲ್ಲಿ ತಿಂಗಳುಗಟ್ಟಲೆಯಿಂದ ಕೇಪೂ ಇಲ್ಲ, ಗುಂಡೂ ಇಲ್ಲ. ಬೇಟೆಯ ಕಾಲ ಹತ್ತಿರ ಬಂದಿದೆ. ಕಿತ್ತರೆ ಗುಂಡು ಬೇರೆಯಾಗಿ ಸಿಗುತ್ತದೆ, ಮದ್ದಿಗೆ ಕಿಡಿ ಕೊಡುವ ಕೇಪು ಹಿತ್ತಾಳೆಯ ಬುಡದಲ್ಲಿ ಹಾಗೇ ಜೀವಂತ ಉಳಿಯುತ್ತದೆ. ಮದ್ದೊಂದನ್ನು ಮಾತ್ರ ಯಾರೂ ಮತ್ತೆ ತುಂಬುವುದಿಲ್ಲ. ಅದನ್ನು ಹಿತ್ತಲ ಗಿಡಗಳ ಬುಡಕ್ಕೆ ಗೊಬ್ಬರವಾಗಿ ಚೆಲ್ಲುತ್ತಾರೆ.

ಡಬ್ಬಿಯ ಒಂದು ಮೂಲೆ ಕರಗಿ ಸೊಟ್ಟಗಾಗಿತ್ತು. ಒಮ್ಮೆ ಒಲೆಯ ಹತ್ತಿರ ಇಟ್ಟು ಕರಗಿಸಿದವಳು ಆರ್ಲಿಸ್‌ಳೇ. ಆ ಮೂಲೆಯನ್ನು ಕಂಡೊಡನೆ ಡಬ್ಬಿ ಯಾವುದೆಂದು ಅವಳಿಗೆ ತಿಳಿಯಿತು. ಹನ್ನೊಂದು ವರ್ಷದ ಹಿಂದೆ ನವೆಂಬರಿನಲ್ಲಿ ಓರಿನ್ ಬೆಟ್ಟಕ್ಕೆ ಒಯ್ದ ಸರಕು ಅದು. ಕಣಿವೆಯ ಅಂಚಿನಲ್ಲಿ ಕೂತು ಎಲ್ಕ್ ಎಂಬ ದೊಡ್ಡ ಜಿಂಕೆಗೆ ಗುರಿಯಿಟ್ಟು ಕೋವಿಯ ಕುದುರೆ ಎಳೆದಾಗ ರೈಫಲ್ ಅವನ ಮುಖದ ಮೇಲೇ ಒಡೆದಿತ್ತು. ಬಲಗಣ್ಣು ಹೋಯಿತು. ಎಡಗಣ್ಣು ಉಳಿಯಿತು, ಆದರೆ ಒಣಗುತ್ತದೆ. ದಿನಾ ಸಂಜೆ ಔಷಧಿ ಬಿಡದಿದ್ದರೆ ರಾತ್ರಿಯೆಲ್ಲ ಉರಿ. ಓರಿನ್‌ನ ಕೈ ನಿಲ್ಲುವುದಿಲ್ಲವಾದ್ದರಿಂದ ಆ ತೊಟ್ಟು ಬಿಡುವವಳೂ ಆರ್ಲಿಸ್‌ಳೇ.

ಆ ತೋಟಾ ತುಂಬಿದವಳೂ ಅವಳೇ.

ಬೇರೆಯವರು ತುಂಬಿದ ತೋಟಾವನ್ನು ಈ ಕಡೆ ಯಾರೂ ಹಾರಿಸುವುದಿಲ್ಲ, ಅಣ್ಣ ತಮ್ಮಂದಿರ ನಡುವೆಯೂ. ಆರ್ಲಿಸ್‌ಳದನ್ನು ಮಾತ್ರ ಕೇಳಿ ಪಡೆದು ಹಾರಿಸುತ್ತಿದ್ದರು. ಅವಳ ಅಳತೆ ಅಂಥದ್ದು. ಊರ ಹೊರಗಿನ ತೋಟಾ ಕಾರ್ಖಾನೆಯವರೇ ಕರೆದು, ತುಂಬುವ ವಿಭಾಗವನ್ನು ನೋಡಿಕೋ ಬಾ ಎಂದಿದ್ದರು. ಓರಿನ್‌ಗೆ ಅದು ಹಿಡಿಸಿರಲಿಲ್ಲ. ಅವನು ಬೇಡವೆಂದರೂ ಹೋಗುವುದೆಂದೇ ಅವಳು ಗಟ್ಟಿಮಾಡಿಕೊಂಡಿದ್ದಳು. ಅಷ್ಟರಲ್ಲಿ ರೈಫಲ್ ಒಡೆಯಿತು. ಆಸ್ಪತ್ರೆಯ ಫೋನಿನಿಂದಲೇ ಕಾರ್ಖಾನೆಗೆ, ನಾನು ಆ ಕೆಲಸಕ್ಕೆ ತಕ್ಕವಳಲ್ಲ ಎಂದುಬಿಟ್ಟಳು. ಆಮೇಲೆ ಶಾಲೆಯ ಅಡುಗೆಮನೆ, ವಾರದ ಕೊನೆಗೆ ಮೋಟೆಲಿನ ಹಾಸಿಗೆಗಳು.

ಉಳಿದ ತೋಟಾಗಳನ್ನು ಕೊಡು, ಕಿತ್ತು ನೋಡುತ್ತೇನೆ, ಎಲ್ಲಿ ತಪ್ಪಿದೆ ಎಂದಾದರೂ ತಿಳಿಯಲಿ ಎಂದು ಆಗ ಓರಿನ್‌ನನ್ನು ಬೇಡಿಕೊಂಡಿದ್ದಳು. ನದಿಗೆ ಎಸೆದೆ ಎಂದಿದ್ದ.

"ನೀನು ಕಿತ್ತುಕೊಡು ಸಾಕು," ಎಂದು ಮೇವಿಸ್ ಎದ್ದಳು. "ತುಂಬೋದು ನಾನೇ ತುಂಬ್ಕೋತೀನಿ. ನಂಗೆ ಎರಡೂ ಕಣ್ಣು ಬೇಕು ಮಾರಾಯ್ತಿ." ತಮಾಷೆ ಎಂಬಂತೆ ನಕ್ಕಳು. ಚರ್ಚಿನ ಊಟದ ಸಾಲಿನಲ್ಲೂ ಈ ತಮಾಷೆ ಎಷ್ಟೋ ಸಲ ಆಗಿಹೋಗಿತ್ತು. "ಸಂಜೆ ವಾಪಸ್ ಹೋಗ್ತಾ ಇಸ್ಕೋತೀನಿ."

ಪಿಕಪ್ ಹೊರಟ ಸದ್ದು ಅಡಗಿದ ಮೇಲೆ ಆರ್ಲಿಸ್ ತುಂಬುವ ಯಂತ್ರದ ಮೇಲಿನ ಬಟ್ಟೆ ತೆಗೆದಳು. ತಕ್ಕಡಿಯನ್ನು ಒರೆಸಿದಳು. ಗುಂಡನ್ನು ಕೂದಲೆಳೆಯಷ್ಟು ಒಳಗೆ ಒತ್ತಿದಾಗ ಟಿಕ್ ಎಂದು ಅಂಟು ಬಿಟ್ಟಿತು. ಸುತ್ತಿಗೆಗೆ ಸಿಕ್ಕಿಸಿ ನಾಲ್ಕು ಪೆಟ್ಟು ಹಾಕಿದ ಮೇಲೆ ಗುಂಡೂ ಮದ್ದೂ ಸುತ್ತಿಗೆಯ ತಲೆಯೊಳಗೆ ಉದುರಿದವು. ಮದ್ದನ್ನು ತಕ್ಕಡಿಗೆ ಸುರಿದಳು. ಪೆನ್ಸಿಲಿನ ಕಡ್ಡಿಯನ್ನು ಸಣ್ಣಗೆ ತುಂಡರಿಸಿದಂಥ ಕಪ್ಪು ಚೂರುಗಳು. ಮುಳ್ಳು ಓಲಾಡಿ ನಿಂತಿತು.

ಐವತ್ತಾರು ಗ್ರೇನ್, ಅವಳು ಅಂದು ಅಳೆದಿಟ್ಟ ತೂಕವೇ. ಕೂದಲಷ್ಟೂ ಆಚೆ ಈಚೆ ಇಲ್ಲ.

ಎರಡನೆಯದೂ ಐವತ್ತಾರು. ಮೂರನೆಯದೂ. ಒಂದೊಂದನ್ನೂ ಸುರಿಯುವಾಗ ಉಸಿರು ಕಟ್ಟಿಕೊಳ್ಳುತ್ತಿದ್ದಳು. ಮುಳ್ಳು ನಿಂತ ಮೇಲೆ ಬಿಡುತ್ತಿದ್ದಳು. ಹತ್ತು ದಾಟಿದ ಮೇಲೆ ಅವಳಿಗೆ ಅಳು ಬಂತು. ಮೂಗು ಒರೆಸಿಕೊಂಡು, ಅತ್ತುಕೊಂಡೇ ಸುತ್ತಿಗೆ ಬೀಸಿದಳು. ಇಷ್ಟು ವರ್ಷ ನಿದ್ದೆಗೆಟ್ಟು ಲೆಕ್ಕ ಹಾಕಿದ್ದಳಲ್ಲ, ಅವತ್ತು ಫೋನ್ ಬಂದಿತ್ತೇ, ನಡುವೆ ಎದ್ದು ಹೋಗಿದ್ದೆನೇ, ಒಂದಕ್ಕೆ ಎರಡು ಸಲ ಸುರಿದೆನೇ ಎಂದು. ಒಡೆದದ್ದೊಂದು ಹೇಗಿತ್ತೋ ದೇವರೇ ಬಲ್ಲ. ಆದರೆ ಇವು ತುಂಬಿದ ಕೈ ಎಚ್ಚರದ ಕೈ. ಅಷ್ಟು ಗೊತ್ತಾದರೂ ಅವಳಿಗೆ ದೊಡ್ಡದೇ.

ಕೊನೆಯ ಸಾಲಿನ ತೋಟಾ ಒಂದೇ ಪೆಟ್ಟಿಗೆ ಬಿಟ್ಟುಕೊಂಡಿತು.

ಆರ್ಲಿಸ್‌ಳ ಕೈ ಅಲ್ಲೇ ನಿಂತಿತು. ಒಂದೇ ಡಬ್ಬಿಯ, ಒಂದೇ ದಿನ ತುಂಬಿದ ತೋಟಾ ಹಾಗೆ ಸಡಿಲವಿರಲಿಕ್ಕೆ ಸಾಧ್ಯವಿಲ್ಲ. ಗುಂಡನ್ನು ಬೆರಳಲ್ಲಿ ತಿರುಗಿಸಿದಳು. ಹಿತ್ತಾಳೆಯ ಕತ್ತಿನೊಳಗೆ ಅಡಗಿರುತ್ತಿದ್ದ ಭಾಗದಲ್ಲಿ ಎರಡು ಕಡೆ ಅಡ್ಡಡ್ಡ ಗೀರು ಕೂತಿತ್ತು. ಇಕ್ಕಳದ ಹಲ್ಲು. ಆರ್ಲಿಸ್ ಯಾವತ್ತೂ ಗುಂಡಿಗೆ ಇಕ್ಕಳ ಮುಟ್ಟಿಸಿದವಳಲ್ಲ. ಮದ್ದನ್ನು ಬಿಳಿ ತಟ್ಟೆಗೆ ಸುರಿದಳು. ತೂಕವೇನೋ ಹೆಚ್ಚುಕಡಿಮೆ ಅಷ್ಟೇ ಇತ್ತು. ಆದರೆ ಅವಳ ಕಡ್ಡಿ ಚೂರುಗಳ ನಡುವೆ ಚಪ್ಪಟೆ ಬಿಲ್ಲೆಗಳು ಧಾರಾಳವಾಗಿ ಬೆರೆತಿದ್ದವು. ಪಿಸ್ತೂಲಿನ ಮದ್ದು. ಭಗ್ಗೆಂದು ಉರಿಯುವ ಜಾತಿ. ರೈಫಲಿಗೆ ಹಾಕುವಂಥದ್ದೇ ಅಲ್ಲ. ಈ ಮನೆಯಲ್ಲಿ ಆ ಮದ್ದಿನ ಡಬ್ಬ ಇಟ್ಟುಕೊಂಡಿದ್ದವನು ಓರಿನ್ ಒಬ್ಬನೇ.

ಆ ಸಾಲಿನ ಐದೂ ಹಾಗೇ ಇದ್ದವು.

ಆ ಶರತ್ಕಾಲದಲ್ಲಿ ಮೇವಿಸ್ ತಮ್ಮನನ್ನು ಛೇಡಿಸುತ್ತಿದ್ದದ್ದು ಆರ್ಲಿಸ್‌ಗೆ ನೆನಪಾಯಿತು. ಕಣಿವೆಯ ಆಚೆ ದಡದ ಎಲ್ಕನ್ನು ನಾನು ಕೆಡವಿದೆ, ನಿಂದು ಅರ್ಧ ದಾರಿಗೇ ಸೋಲುತ್ತೆ, ಹೆಂಡತಿ ಅಳೆದು ಬಡಿಸಿದಷ್ಟೇ ನಿನ್ನ ಕೋವಿಗೆ ಊಟ ಎಂದು. ಆರ್ಲಿಸ್‌ಗೂ ನಗು ಬಂದಿತ್ತು ಆಗ. ಓರಿನ್ ನಕ್ಕಿರಲಿಲ್ಲ. ಕದ್ದು ತಾನೇ ಹೆಚ್ಚಿಗೆ ಬಡಿಸಿದ್ದ.

ಅವಳು ಗುಂಡು, ಹಿತ್ತಾಳೆ, ಮದ್ದಿನ ಬಟ್ಟಲು, ಹಸಿರು ಡಬ್ಬಿ ಎಲ್ಲವನ್ನೂ ಒಂದು ತಟ್ಟೆಯಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದಳು. ಓರಿನ್ ಅಡುಗೆಮನೆಯ ಮೇಜಿನಲ್ಲಿ ಕಾಫಿ ಹಿಡಿದು ಕೂತಿದ್ದ. ಹಸಿರು ಡಬ್ಬಿಯನ್ನು ನೋಡಿದ. ಕಪ್ಪನ್ನು ಕೆಳಗಿಟ್ಟ.

"ನದಿಗೆ ಎಸೆದೆ ಅಂದಿದ್ದೆ," ಎಂದಳು.

ಅವನು ಡಬ್ಬಿಯ ಕರಗಿದ ಮೂಲೆಯನ್ನು ಬೆರಳಿನಿಂದ ಸವರಿದ.

"ಬಚ್ಚಿಟ್ಟಿದ್ದು ಬಿಡು. ಯಾಕೆ ಎಸೀಲಿಲ್ಲ ಓರಿನ್? ಅದನ್ನಾದ್ರೂ ಹೇಳು."

ಓರಿನ್ ಕಿಟಕಿಯ ಕಡೆ ನೋಡಿದ. "ಹೊಸ ಹಿತ್ತಾಳೆ," ಎಂದ. "ಅದಕ್ಕೂ ಮುಂಚೆ ಒಂದೇ ಸಲ ಹಾರಿಸಿದ್ದು. ಎಸೆಯೋಕೆ ಮನಸ್ಸು ಬರ್ಲಿಲ್ಲ."

ಆರ್ಲಿಸ್‌ಗೆ ನಗು ಬಂತು. ಕೆಟ್ಟ ನಗು. ಇವರ ಮನೆತನದಲ್ಲಿ ಹಿತ್ತಾಳೆ ಎಸೆದವರು ಯಾರೂ ಇಲ್ಲ. ಹೆಂಡತಿಯ ಹೆಸರನ್ನಾದರೆ ಎಸೆಯಬಹುದು.

"ನಾನು ಸುಳ್ಳು ಹೇಳ್ಲಿಲ್ಲ," ಎಂದ ಅವನು. "ಆಸ್ಪತ್ರೇಲಿ ಕಣ್ಣಿಗೆ ಬಟ್ಟೆ ಕಟ್ಟಿದ್ರು. ಸುತ್ತ ಎಲ್ರೂ ನೀನೇ ಹೆಚ್ಚು ತುಂಬಿದ್ದು ಅಂತಿದ್ರು. ನೀನೇ ಅಂದೆ, ನನ್ನದೇ ತಪ್ಪು ಅಂತ. ನಾನು ಸುಮ್ಮನಿದ್ದೆ, ಅಷ್ಟೆ."

"ಅವತ್ತು ಸುಮ್ಮನಿದ್ದೆ, ಸರಿ. ಆಮೇಲೆ? ನಾನು ಅವರಾಗೇ ಕರೆದು ಕೊಟ್ಟ ಕೆಲಸಾನ ಬಿಟ್ಟು ಮಕ್ಕಳ ಎಂಜಲು ತಟ್ಟೆ ತೊಳೀತಿದ್ನಲ್ಲ, ಆಗ?"

"ಹೇಳೋಣ ಅಂತ ಇದ್ದೆ. ದಿನ ಹೋಗ್ತಾ ಹೋಗ್ತಾ ಕಷ್ಟ ಆಯ್ತು." ಅವನ ಎಡಗಣ್ಣು ಕೆಂಪಗಿತ್ತು. "ಹೇಳಿದ್ರೆ ನೀನು ಹೊರಟುಹೋಗ್ತಿದ್ದೆ ಆರ್ಲಿಸ್."

ಈ ಒಂದು ಮಾತು ನಿಜ ಎಂದು ಅವಳಿಗೂ ಗೊತ್ತಿತ್ತು. ಅದಕ್ಕೇ ಅದು ಎಲ್ಲಕ್ಕಿಂತ ಕಹಿಯಾಗಿ ಇಳಿಯಿತು.

"ಮೇವಿಸ್ ಬರ್ತಾಳೆ," ಎಂದಳು. "ಅವಳಿಗೆ ಹೇಳು. ನಿನ್ನ ಬಾಯಿಂದಲೇ. ಇನ್ನೇನೂ ಕೇಳಲ್ಲ ನಾನು."

ಅವನು ಆಗಲಿ ಎಂಬಂತೆ ತಲೆಯಾಡಿಸಿದ.

ಮೇವಿಸ್ ಬಾಗಿಲು ತಟ್ಟದೆ ಒಳಗೆ ಬಂದಳು, ಬೂಟಿನ ಮಣ್ಣನ್ನೂ ಒರೆಸಲಿಲ್ಲ. ತಟ್ಟೆಯನ್ನು ನೋಡಿ, "ಎಲ್ಲಾ ಕಿತ್ತುಬಿಟ್ಟೆಯಾ? ಭೇಷ್. ಏನು, ಅಳತೆ ಸರಿ ಇತ್ತಾ?" ಎಂದಳು.

ಆರ್ಲಿಸ್ ತಟ್ಟೆಯನ್ನು ಓರಿನ್‌ನ ಮುಂದಕ್ಕೆ ಸರಿಸಿದಳು. ಗಂಡನ ಮುಖವನ್ನೇ ನೋಡಿದಳು. ಓರಿನ್ ಕಪ್ಪಿನ ಹಿಡಿಯನ್ನು ಒಂದು ಸುತ್ತು ತಿರುಗಿಸಿದ. ಮತ್ತೆ ಈ ಕಡೆ ತಿರುಗಿಸಿದ.

"ಮದ್ದು ಕೆಟ್ಟುಹೋಗಿತ್ತಂತೆ," ಎಂದ. "ಹಳೇದಲ್ವಾ."

ಆರ್ಲಿಸ್ ಕೈ ಚಾಚಿ ಮೇವಿಸ್‌ಳ ಅಂಗೈಗೆ ಮೊದಲು ಹದಿನೈದು ಗುಂಡು ಹಾಕಿದಳು. ಆಮೇಲೆ ಉಳಿದ ಐದನ್ನು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದಳು. ಮೇವಿಸ್ ಬೇಟೆಯವಳು, ತಾನೇ ತುಂಬುವವಳು. ಒಂದನ್ನು ಎತ್ತಿ ಉಗುರಿನಿಂದ ಗೀರು ಮುಟ್ಟಿ ನೋಡಿದಳು.

"ಇದನ್ನ ಇಕ್ಕಳ ಹಾಕಿ ಕಿತ್ತಿದಾರೆ."

"ಹೌದು."

"ನೀನು ಇಕ್ಕಳ ಹಾಕೋಳಲ್ಲ."

"ಅಲ್ಲ. ಮದ್ದೂ ಇದೆ ಬಟ್ಟಲಲ್ಲಿ. ನೋಡು."

ಮೇವಿಸ್ ಬಟ್ಟಲಿಗೆ ಬಗ್ಗಿದಳು. ಒಂದು ಚಪ್ಪಟೆ ಬಿಲ್ಲೆಯನ್ನು ಉಗುರಿನಿಂದ ಬೇರ್ಪಡಿಸಿದಳು. ಎದ್ದು ನಿಂತಾಗ ಅವಳ ಕತ್ತು ಕೆಂಪಾಗಿತ್ತು. ತಮ್ಮನನ್ನು ನೋಡಿದಳು. ಅವನು ಕಪ್ಪನ್ನು ನೋಡುತ್ತಿದ್ದ. ತಾನು ಅಂದು ಛೇಡಿಸಿದ್ದು ಅವಳಿಗೆ ನೆನಪಾಗಿರಬೇಕು. ಕೈಯಲ್ಲಿದ್ದ ಗುಂಡನ್ನು ಮೆಲ್ಲಗೆ ಮೇಜಿನ ಮೇಲೆ, ಉಳಿದ ನಾಲ್ಕರ ಪಕ್ಕದಲ್ಲಿ ಇಟ್ಟಳು. "ಇವು ನಂಗೆ ಬೇಡ," ಎಂದಳು. ಒಳ್ಳೆಯ ಗುಂಡುಗಳು ಆಗಲೇ ಜೇಬು ಸೇರಿದ್ದವು. ಹಿತ್ತಾಳೆಯನ್ನು ಚೀಲಕ್ಕೆ ಸುರಿದುಕೊಂಡು, ಊಟಕ್ಕೆ ಕೂರುವುದಿಲ್ಲವೆಂದು ಹೊರಟಳು.

ಆರ್ಲಿಸ್ ಬಾಗಿಲವರೆಗೆ ಹೋದಳು. ಒಂದು ಮಾತು ಬರುತ್ತದೆ ಎಂದು ಕಾದಳು, ಸಣ್ಣದಾದರೂ ಸರಿ.

ಮೇವಿಸ್ ಪಿಕಪ್ಪಿನ ಬಾಗಿಲು ಹಿಡಿದು ನಿಂತಳು. "ಕಣ್ಣು ಹೋಗಿದ್ದಂತೂ ಹೋಯ್ತು ಆರ್ಲಿಸ್," ಎಂದಳು. "ಅವನಿಗೂ ವಯಸ್ಸಾಯ್ತು. ಚರ್ಚಲ್ಲಿ ಇದನ್ನೆಲ್ಲ ಎತ್ತೋದು ಬೇಡ. ನಾನೂ ಇನ್ಮೇಲೆ ಆ ಮಾತು ಆಡಲ್ಲ."

ದೊಡ್ಡ ಉಪಕಾರ ಮಾಡಿದವಳಂತೆ ತಲೆಯಾಡಿಸಿ ಗಾಡಿ ಹತ್ತಿದಳು.

ಆರ್ಲಿಸ್ ಒಳಗೆ ಬಂದಾಗ ಔಷಧಿಯ ಹೊತ್ತಾಗಿತ್ತು. ಓರಿನ್ ದಿನಾ ಮಾಡುವಂತೆ ಕನ್ನಡಕ ತೆಗೆದಿಟ್ಟು, ಕುರ್ಚಿಯಲ್ಲಿ ಹಿಂದಕ್ಕೊರಗಿ, ತಲೆ ಮೇಲೆತ್ತಿ, ಎಡಗಣ್ಣನ್ನು ಅಗಲವಾಗಿ ತೆರೆದು ಕೂತಿದ್ದ. ಔಷಧಿಯ ಪುಟ್ಟ ಶೀಶೆ ಇಕ್ಕಳದ ಗೀರಿನ ಐದು ಗುಂಡುಗಳ ಪಕ್ಕದಲ್ಲೇ ಇತ್ತು. ಅವಳು ಬಟ್ಟಲನ್ನು ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಹೊರಗೆ ಹೋದಳು.

ಬೇಲಿಯ ಬಳಿಯ ರುಬಾರ್ಬ್ ಗಿಡಗಳ ಎಲೆಗಳು ಚಳಿಗೆ ಮುದುಡಿದ್ದವು. ಬಗ್ಗಿ ಒಂದೊಂದು ಬುಡಕ್ಕೂ ಒಂದೊಂದು ಚಿಟಿಕೆ ಮದ್ದು ಹಾಕುತ್ತಾ ಹೋದಳು. ಕಡ್ಡಿ ಚೂರು, ಚಪ್ಪಟೆ ಬಿಲ್ಲೆ ಎಲ್ಲ ಮಣ್ಣಿಗೆ ಬಿತ್ತು. ಸಾಲಿನ ಕೊನೆ ಮುಟ್ಟಿ ತಿರುಗಿದಾಗ ಅಡುಗೆಮನೆಯ ಕಿಟಕಿ ಕಂಡಿತು. ದೀಪದ ಕೆಳಗೆ ಓರಿನ್ ಇನ್ನೂ ಹಾಗೇ ತಲೆಯೆತ್ತಿ ಕೂತಿದ್ದ. "ಆರ್ಲಿಸ್," ಎಂದು ಕರೆದದ್ದು ಗಾಜಿನಾಚೆಯಿಂದ ಸಣ್ಣಗೆ ಕೇಳಿಸಿತು.

ಬಟ್ಟಲ ತಳದಲ್ಲಿ ಇನ್ನೊಂದಿಷ್ಟು ಚೂರು ಅಂಟಿಕೊಂಡಿತ್ತು. ಅವಳು ಅದನ್ನು ಬೆರಳಿನಿಂದ ನಿಧಾನವಾಗಿ ಬಳಿದು, ಕೊಡವಿ, ಮೊದಲಿನ ಗಿಡದಿಂದ ಮತ್ತೆ ಹಾಕತೊಡಗಿದಳು.