ಮೆಣಸಿನಕಾಯಿ ತೊಟ್ಟು

ಏಳು ತೊಟ್ಟು. ಬಾಗಿಲ ಸಂದಿಯಿಂದ ಪುಟ್ಟಮಲ್ಲಮ್ಮ ಒಂದೊಂದನ್ನೂ ಎಣಿಸಿದಳು. ಸೊಸೆ ಭವ್ಯ ಒಣಮೆಣಸಿನಕಾಯಿಯ ತೊಟ್ಟು ಮುರಿದು, ಕುಡಿಕೆಯಲ್ಲಿದ್ದ ಬೆಳ್ಳಗಿನ ಅದೇನೋ ಒಂದರೊಳಗೆ ಹಾಕಿ, ತಟ್ಟೆ ಮುಚ್ಚಿ, ರಾಗಿ ಡ್ರಮ್ಮಿನ ಹಿಂದಕ್ಕೆ ತಳ್ಳಿದಳು. ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ಸೆರಗಿಗೆ ಕೈ ಒರೆಸಿಕೊಂಡು ಸೌದೆ ತರಲು ಹಿತ್ತಲಿಗೆ ಹೋದಳು.

ಹಾಲಾದರೆ ಬಚ್ಚಿಡಬೇಕೇಕೆ? ಆ ಮನೆಯಲ್ಲಿ ಎಮ್ಮೆ ಕರೆಯುವವಳೂ ಹೆಪ್ಪು ಹಾಕುವವಳೂ ಪುಟ್ಟಮಲ್ಲಮ್ಮನೇ. ಅವಳ ಗಟ್ಟಿ ಮೊಸರನ್ನು ಹೊಗಳದವರು ಮುಳ್ಳೂರಿನಲ್ಲೇ ಇರಲಿಲ್ಲ. ಹಾಗೆಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಮೆಣಸಿನಕಾಯಿ ಬೇಕಾಗುವುದು ಸಾರಿಗೆ, ಇಲ್ಲವೇ ದೃಷ್ಟಿ ತೆಗೆಯುವುದಕ್ಕೆ. ಹಾಲಿನಂಥದಕ್ಕೆ ಅದರ ತೊಟ್ಟು ಹಾಕುವುದನ್ನು ಐವತ್ತೆಂಟು ವರ್ಷದಲ್ಲಿ ಅವಳು ಕಂಡಿರಲಿಲ್ಲ.

ಒಂದು ತಿಂಗಳಿಂದ ಮಗ ಪ್ರಸಾದ ಅವ್ವನ ಮೊಸರು ಮುಟ್ಟುತ್ತಿರಲಿಲ್ಲ. "ಬ್ಯಾಡ ಕನವ್ವ, ಸಾಕು" ಎಂದು ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದ. ಹೆಂಡತಿ ಆ ಕುಡಿಕೆಯಿಂದ ಬಡಿಸಿದರೆ ಮಾತ್ರ ಬೆರಳು ಚೀಪುತ್ತಿದ್ದ. ತುಪ್ಪದ ಬದಲು ಎಳ್ಳು ಅರೆದು ಹಾಕಿದ ಪಲ್ಯ, ಎಮ್ಮೆ ಹಾಲಿನ ಬದಲು ಕಾಯಿಹಾಲಿನ ಪಾಯಸ, ಎಲ್ಲವೂ ಅವನಿಗೆ ಅಮೃತ. ಊಟದ ನಡುವೆ ಗಂಡ ಹೆಂಡತಿ ಕಣ್ಣಲ್ಲೇ ಏನೋ ಮಾತಾಡಿಕೊಳ್ಳುವುದೂ ಹೊಸದು.

ಪಕ್ಕದ ಮನೆಯ ಪುಟ್ಟಗೌರಮ್ಮ ಹಿತ್ತಲ ಗೋಡೆಯ ಮೇಲೆ ಮೊಣಕೈ ಊರಿ ಎಲ್ಲವನ್ನೂ ಕೇಳಿಸಿಕೊಂಡಳು.

"ಮದ್ದು ಕನಕ್ಕ," ಅಂದಳು ದನಿ ತಗ್ಗಿಸಿ. "ಮಧುವನಹಳ್ಳೀಲಿ ನಮ್ಮ ನೆಂಟರ ಮಗಂಗೂ ಇಂಗೇ ಇಕ್ಬುಟ್ಟಿದ್ರು. ಮೊದ್ಲು ಅವ್ವನ ಕೈ ಊಟ ಸೇರದಿಲ್ಲ. ಆಮೇಕೆ ಅವ್ವನೇ ಸೇರದಿಲ್ಲ."

"ಪ್ರಸಾದಂಗೆ ಯೋಳ್ಬುಡ್ಲಾ?"

"ಸಾಕ್ಷಿ ಏನದೆ ಅಂತನೆ. ಎಂಡ್ತಿ ಕಡೀಕೇ ತಿರಿಕತನೆ."

ಊಟದಲ್ಲಿ ಮದ್ದು ಬೆರೆಸಿ ಗಂಡನನ್ನು ಕೈವಶ ಮಾಡಿಕೊಳ್ಳುವ ಕತೆಗಳನ್ನು ಪುಟ್ಟಮಲ್ಲಮ್ಮ ಚಿಕ್ಕಂದಿನಿಂದ ಕೇಳಿದ್ದಳು. ಅದು ಹೊಟ್ಟೆಯಲ್ಲೇ ಕೂತು ಮೈ ಕರಗಿಸಿ ಕೊನೆಗೆ ಪ್ರಾಣ ತೆಗೆಯುತ್ತದೆ ಎಂದೂ ಕೇಳಿದ್ದಳು. ಅವಳಿಗಿದ್ದವನು ಒಬ್ಬನೇ ಮಗ.

ಮರುದಿನ ಭವ್ಯ ಬಟ್ಟೆ ಒಗೆಯಲು ಕಾಲುವೆಗೆ ಹೋದಳು. ಪ್ರಸಾದ ಗದ್ದೆಯಿಂದ ಊಟಕ್ಕೆ ಬರುವ ಹೊತ್ತಾಗಿತ್ತು. ಪುಟ್ಟಮಲ್ಲಮ್ಮ ಕುಡಿಕೆ ಎಳೆದು ತಟ್ಟೆ ತೆಗೆದು ನೋಡಿದಳು. ಬೆಳ್ಳಗೆ ಹೆಪ್ಪುಗಟ್ಟಿತ್ತು. ತಿಪ್ಪೆಗೆ ಸುರಿಯೋಣವೆಂದು ಬಾಗಿಲವರೆಗೆ ಹೋದಳು. ಇವತ್ತು ಸುರಿದರೆ ನಾಳೆ ಇನ್ನೊಂದು ಕುಡಿಕೆ ಬರುತ್ತದೆ. ಹೇಳಿದರೆ ಮಗ ಸಾಕ್ಷಿ ಕೇಳುತ್ತಾನೆ. ತನ್ನ ಹೊಟ್ಟೆಯೇ ಸಾಕ್ಷಿಯಾಗಲಿ, ಆಗುವುದೆಲ್ಲ ತನಗೇ ಆಗಿಹೋಗಲಿ ಎಂದುಕೊಂಡಳು. ಕೊರಳ ಲಿಂಗವನ್ನು ಕಣ್ಣಿಗೊತ್ತಿಕೊಂಡು, ತೊಟ್ಟುಗಳನ್ನು ತೆಗೆದು ಬದಿಗಿಟ್ಟು, ತಳದವರೆಗೂ ಬಳಿದು ತಿಂದಳು.

ಹದವಾದ ಹುಳಿ, ಹಿಂದಿನಿಂದ ಕಡಲೆಕಾಯಿಯ ವಾಸನೆ. ಇಷ್ಟು ರುಚಿಯಾಗಿರುತ್ತದೆಂದು ಅವಳು ಎಣಿಸಿರಲಿಲ್ಲ, ಅದಕ್ಕೇ ಅನುಮಾನ ಇನ್ನಷ್ಟು ಬಲವಾಯಿತು. ಕಂಬಕ್ಕೆ ಒರಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಾದಳು.

"ಎಲ್ಲಾನೂ ಉಂಡ್ಬುಟ್ರಾ ಅತ್ತೆ?" ಒದ್ದೆ ಬಟ್ಟೆಯ ಬಕೆಟ್ಟು ಇಳಿಸಿ ಭವ್ಯ ಕೇಳಿದಳು.

"ಏನು ಬೆರೆಸಿದ್ದೆ ಯೋಳು. ನಾನು ಸಾಯಕೆ ಮುಂಚೆನಾದ್ರೂ ಯೋಳು."

ಭವ್ಯಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವಳ ಮುಖ ಕಪ್ಪಿಟ್ಟಿತು.

"ಕಳ್ಳೆಕಾಯಿ ಬೀಜ ನೆನಾಕಿ, ಮಿಕ್ಸೀಲಿ ರುಬ್ಬಿ, ಸೋಸಿ ಕಾಯ್ಸಿದ್ದು ಅತ್ತೆ. ಅದ್ಕೆ ಆ ತೊಟ್ಟೇ ಎಪ್ಪು. ಯಳಂದೂರಲ್ಲಿ ಮನೇಲಿ ಎಪ್ಪಿಲ್ದೆ ಓದಾಗ ನಮ್ಮವ್ವ ಅದ್ನೇ ಆಕೋದು." ಅವಳು ತಡೆದು ಮುಂದುವರಿದಳು. "ಅವ್ರಿಗೆ ಆಲು, ಮೊಸ್ರು, ತುಪ್ಪ ಆಗಲ್ವಂತೆ. ಕೊಳ್ಳೇಗಾಲದ ಡಾಕ್ಟ್ರು ಯೋಳುದ್ರು. ಚಿಕ್ಕಂದಿಂದ್ಲೂ ಮೊಸ್ರು ಉಂಡಾಗೆಲ್ಲ ಒಟ್ಟೆ ಇಂಡ್ತಿತ್ತಂತೆ."

"ನಂಗ್ಯಾಕೆ ಯೋಳ್ನಿಲ್ಲ?"

"ಅವ್ರೇ ಬ್ಯಾಡ ಅಂದ್ರು. ಕೇಳುದ್ರೆ ಅವ್ವ ನೊಂದ್ಕತದೆ ಅಂದ್ರು."

ಚಿಕ್ಕಂದಿನಲ್ಲಿ ಪ್ರಸಾದ ಉಂಡವನೇ ಬೇಲಿ ಕಡೆಗೆ ಓಡುತ್ತಿದ್ದ. ಇಸ್ಕೂಲು ತಪ್ಪಿಸಲು ಕಳ್ಳಾಟವೆಂದು ಅವಳು ಎಷ್ಟೋ ಸಲ ಬಾರಿಸಿದ್ದಳು. ಮೈ ಹಿಡಿಯುತ್ತಿಲ್ಲವೆಂದು ಮುಂದೆ ಕೂತು ಇನ್ನೊಂದು ಸೌಟು ಮೊಸರು ಸುರಿದಿದ್ದಳು. ಅವನು ಒಂದು ಮಾತೂ ಆಡದೆ ಉಂಡಿದ್ದ. ಪುಟ್ಟಮಲ್ಲಮ್ಮನಿಗೆ ಅಳು ಒತ್ತರಿಸಿ ಬಂತು. ಸೊಸೆಯ ಮುಂದೆ ಅಳಲು ನಾಚಿ ಮುಖ ತಿರುಗಿಸಿದಳು.

ಪ್ರಸಾದ ಬಂದು ಕೈಕಾಲು ತೊಳೆದು ಕೂತ. ಬರಿದಾದ ಕುಡಿಕೆ ನೋಡಿದ, ಹೆಂಡತಿಯ ಮುಖ ನೋಡಿದ, ಅವ್ವನ ಒದ್ದೆ ಕಣ್ಣು ನೋಡಿದ.

"ಇವತ್ತು ನಿನ್ನ ಮೊಸ್ರೇ ಆಕವ್ವ," ಎಂದು ತಟ್ಟೆ ಮುಂದೆ ಚಾಚಿದ.

ನೆಲುವಿನ ಮಡಕೆಯಲ್ಲಿ ಅವಳ ಮೊಸರು ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿಯಾಗಿ ಕೂತಿತ್ತು.

"ಅದು ಕೆಟ್ಟೋಗ್ಯದೆ ಕನಪ್ಪ," ಅಂದಳು ಪುಟ್ಟಮಲ್ಲಮ್ಮ. "ಸಾರಲ್ಲೇ ಉಂಡ್ಕ."

ಸಂಜೆ ಜಗಲಿಯಲ್ಲಿ ಸಾರಿನಪುಡಿಗೆ ಮೆಣಸಿನಕಾಯಿ ಹಸನು ಮಾಡುತ್ತ ಕೂತಳು. "ಏನಾಯ್ತಕ್ಕ?" ಎಂದು ಪುಟ್ಟಗೌರಮ್ಮ ತನ್ನ ಬಾಗಿಲಿಂದಲೇ ಕೇಳಿದಳು. ಪುಟ್ಟಮಲ್ಲಮ್ಮ ಮುರಿದ ತೊಟ್ಟುಗಳನ್ನು ಕಸಕ್ಕೆ ಹಾಕದೆ, ಹಸಿರು ಉಳಿದಿದ್ದವನ್ನು ಆರಿಸಿ, ತೊಳೆದು ಒಣಗಿಸಿದ ಆ ಕುಡಿಕೆಯೊಳಗೆ ಒಂದೊಂದಾಗಿ ಹಾಕುತ್ತಿದ್ದಳು.