ಸಾಕಷ್ಟು ಉರಿಸದ ಮನೆ

ಆಯ್ಲಿ ರೌಟಿಯೊ ನಮ್ಮೂರಿನ ಶಾಲಾ ಬಸ್ಸನ್ನು ಇಪ್ಪತ್ತಾರು ವರ್ಷ ಓಡಿಸಿದವಳು. ನಾನೂ ಆ ಬಸ್ಸಿನಲ್ಲೇ ಶಾಲೆಗೆ ಹೋದವನು. ಹಾಗಾಗಿ, ಕೈಲಾಗದವರ ಮನೆಗೆ ಚಳಿ ನುಗ್ಗದಂತೆ ಪುಕ್ಕಟೆಯಾಗಿ ಭದ್ರಮಾಡಿಕೊಡುವ ನಮ್ಮ ಯೋಜನೆಗೆ ಅವಳ ಅರ್ಜಿ ಬಂದಾಗ, ತಪಾಸಣೆಗೆ ನಾನೇ ಹೋಗುತ್ತೇನೆಂದು ಫೈಲು ಎತ್ತಿಕೊಂಡೆ.

ಸುಪೀರಿಯರ್ ಸರೋವರದ ಗಾಳಿ ನೇರವಾಗಿ ಬಡಿಯುವ ಮನೆ ಅದು. ಆಯ್ಲಿಯ ಜೊತೆಗಿದ್ದವನು ಅವಳ ತಮ್ಮ ವರ್ನ್. ಎರಕದ ಕಾರ್ಖಾನೆಯ ದೂಳು ಅವನ ಶ್ವಾಸಕೋಶವನ್ನು ತಿಂದಿತ್ತು. ಇಬ್ಬರೂ ಮೇಲ್ಮಹಡಿಯ ದಾರಿಗೆ ಕಂಬಳಿ ಬಿಗಿದು ಮುಚ್ಚಿ, ಪೈಪು ಹೆಪ್ಪುಗಟ್ಟದಂತೆ ಅಲ್ಲಿನ ನಲ್ಲಿಗಳ ನೀರು ಖಾಲಿ ಮಾಡಿ, ಅಡುಗೆಮನೆಯಲ್ಲೇ ಎರಡು ಮಂಚ ಹಾಕಿಕೊಂಡು ಒಂದು ಸಣ್ಣ ಗ್ಯಾಸ್ ಹೀಟರಿನ ಮುಂದೆ ಚಳಿಗಾಲ ಕಳೆಯುತ್ತಿದ್ದರು.

ಚಳಿ ಎಲ್ಲೆಲ್ಲಿಂದ ನುಗ್ಗುತ್ತದೆಂದು ನೋಡಲು ಬಾಗಿಲಿಗೆ ದೊಡ್ಡ ಫ್ಯಾನು ಬಿಗಿದು ಒಳಗಿನ ಗಾಳಿಯನ್ನು ಹೊರಗೆ ಎಳೆಸಿದೆ. ಗೋಡೆಯ ಸಂದುಗಳೆಲ್ಲ ಸಿಳ್ಳೆ ಹೊಡೆದವು.

"ಜರಡಿ ಅಲ್ವೇನೋ?" ಎಂದಳು ಆಯ್ಲಿ.

"ಜರಡೀನೇ ವಾಸಿ," ಎಂದೆ.

ಗೋಡೆ, ಕಿಟಕಿ, ಅಟ್ಟದ ಅಳತೆಗಳನ್ನೆಲ್ಲ ಲ್ಯಾಪ್‌ಟಾಪಿಗೆ ತುಂಬಿದೆ. ಇಂಥ ಮನೆಗೆ ವರ್ಷಕ್ಕೆ ಸಾವಿರದ ನೂರು ಗ್ಯಾಲನ್ ಗ್ಯಾಸು ಬೇಕು, ಕೆಲಸ ಮಾಡಿದರೆ ಅರ್ಧ ಉಳಿಯುತ್ತದೆ ಎಂದಿತು ಪ್ರೋಗ್ರಾಂ. ಆಯ್ಲಿಯ ಮುಖ ಅರಳಿತು. ಆಮೇಲೆ ನಿಯಮದಂತೆ ಅವಳ ಬಿಲ್ಲುಗಳನ್ನು ಹಾಕಿದೆ. ಅವಳು ನಿಜವಾಗಿ ಉರಿಸಿದ್ದು ಇನ್ನೂರ ಎಪ್ಪತ್ತು. ಪ್ರೋಗ್ರಾಂ ತನ್ನ ಅಂದಾಜನ್ನು ಬಿಲ್ಲಿನ ಮಟ್ಟಕ್ಕೆ ಇಳಿಸಿಕೊಂಡಿತು. ಉರಿಸದ ಗ್ಯಾಸನ್ನು ಉಳಿಸುವುದು ಹೇಗೆ? ಕೆಲಸಕ್ಕೆ ತಗಲುವ ಖರ್ಚಿನಷ್ಟೂ ಉಳಿತಾಯ ಬರಲಿಲ್ಲ. ಪರದೆಯ ಮೇಲೆ 'ಅರ್ಹವಲ್ಲ' ಎಂಬ ಕೆಂಪು ಸಾಲು ಮೂಡಿತು.

"ಅಂದ್ರೆ ನಾವು ಚಳೀಲಿ ನಡುಗಿದ್ದೇ ತಪ್ಪಾಯ್ತಾ?" ವರ್ನ್ ಕೆಮ್ಮುತ್ತಾ ಕೇಳಿದ.

ಎದುರುಮನೆಯ ಡುವೇನ್ ಸ್ಕೋಗ್‌ಲಂಡ್‌ಗೆ ಹಿಂದಿನ ವಾರವಷ್ಟೇ ಮಂಜೂರು ಮಾಡಿದ್ದೆ. ಸಿಗರೇಟಿನ ಹೊಗೆ ಹೋಗಲೆಂದು ಚಳಿಗಾಲವಿಡೀ ಕಿಟಕಿ ತೆರೆದಿಟ್ಟು, ಬನಿಯನ್ನಿನಲ್ಲಿ ಕೂರುವ ಆಸಾಮಿ ಅವನು. ಅವನ ಬಿಲ್ಲುಗಳು ಪ್ರೋಗ್ರಾಂಗೆ ಹಬ್ಬದೂಟವಾಗಿದ್ದವು.

ಮುಜುಗರ ಮುಚ್ಚಿಕೊಳ್ಳಲು ನಕ್ಕುಬಿಟ್ಟೆ. "ಒಂದು ಚಳಿಗಾಲ ಚೆನ್ನಾಗಿ ಉರಿಸಿಬಿಡಿ, ಆಯ್ಲಿ. ಆಗ ಯಂತ್ರಕ್ಕೂ ನಿಮ್ಮ ಮೇಲೆ ಪ್ರೀತಿ ಉಕ್ಕುತ್ತೆ."

ಅವಳು ನಗಲಿಲ್ಲ. "ಒಂದೇ ಸಾಕಾ?" ಎಂದಳು.

"ಸಾಕು," ಎಂದೆ. ವ್ಯಾನು ಹತ್ತುವಷ್ಟರಲ್ಲಿ ಮರೆತೇಬಿಟ್ಟೆ.

ಆಯ್ಲಿ ಮರೆಯಲಿಲ್ಲ. ಮುಂದೆ ಬಂದ ಚಳಿಗಾಲಕ್ಕೆ, ಹಿಮದ ಮೇಲೆ ಓಡಿಸುವ ಸ್ನೋಮೊಬೈಲನ್ನೂ ಅಪ್ಪನ ದೋಣಿಯನ್ನೂ ಮಾರಿ ಗ್ಯಾಸಿನ ದೊಡ್ಡ ಟ್ಯಾಂಕು ತುಂಬಿಸಿದಳು. ಕಂಬಳಿಗಳನ್ನು ಇಳಿಸಿದಳು, ಮೇಲಿನ ನಲ್ಲಿಗಳಿಗೆ ನೀರು ಬಿಟ್ಟಳು, ಇಡೀ ಮನೆಯನ್ನು ಬೆಚ್ಚಗಿಡುವ, ನಾಲ್ಕು ವರ್ಷದಿಂದ ತಣ್ಣಗಿದ್ದ ಫರ್ನೇಸ್ ಹೊತ್ತಿಸಿದಳು. ವರ್ನ್ ತನ್ನ ಕೋಣೆಗೆ ಹೋಗಿ ಬರಿಗಾಲಲ್ಲಿ ಓಡಾಡಿದ. ರಾತ್ರಿಯ ಕೆಮ್ಮು ಕಡಿಮೆಯಾಯಿತು. ಅವನ ಅಕಾರ್ಡಿಯನ್ ವಾದ್ಯ ಪೆಟ್ಟಿಗೆಯಿಂದ ಹೊರಬಂತು. ಅಕ್ಕ ಏಲಕ್ಕಿಯ ನಿಸು ಬ್ರೆಡ್ಡು ಸುಟ್ಟು ಬಸ್ ಡಿಪೋದವರಿಗೆಲ್ಲ ಹಂಚಿದಳಂತೆ.

ಫೆಬ್ರುವರಿಯಲ್ಲಿ ಟ್ಯಾಂಕು ಬರಿದಾಗುವ ಹೊತ್ತಿಗೇ ಹಿಮಬಿರುಗಾಳಿ ಬಂತು. ಗ್ಯಾಸಿನ ಲಾರಿ ನಾಲ್ಕು ದಿನ ಆ ರಸ್ತೆಗೆ ಬರಲಾಗಲಿಲ್ಲ. ಎರಡನೆಯ ದಿನ ಮಹಡಿಯ ಪೈಪು ಹೆಪ್ಪುಗಟ್ಟಿ ಒಡೆಯಿತು. ಪೈಪಿನೊಳಗಿನ ಹೆಪ್ಪು ಕರಗಿದಾಗ ನೀರು ಗೋಡೆಯೊಳಗೆಲ್ಲ ಇಳಿದು, ಕೆಳಗೆ ಅಡುಗೆಮನೆಯಲ್ಲಿದ್ದ ವರ್ನ್‌ನ ಮಂಚದ ಮೇಲೆ ಸೂರಿನ ಹಲಗೆಗಳು ಕುಸಿದವು. ಪುಣ್ಯಕ್ಕೆ ಅವನು ಚಳಿ ತಡೆಯಲಾರದೆ ಆಗ ಡುವೇನನ ಮನೆಯಲ್ಲಿದ್ದ.

ಜೂನ್‌ನಲ್ಲಿ ಮತ್ತೆ ಹೋದೆ. ಹೊಸ ಬಿಲ್ಲುಗಳನ್ನು ಆಯ್ಲಿ ಇಸ್ತ್ರಿ ಮಾಡಿದಂತೆ ಜೋಡಿಸಿಟ್ಟಿದ್ದಳು. ಈ ಸಲ ಹಾಕಿದ ಖರ್ಚಿಗೆ ಎರಡು ಪಟ್ಟು ಉಳಿತಾಯ ಎಂದಿತು ಪ್ರೋಗ್ರಾಂ. ಅಂಥ ಅಂಕಿ ನನಗೆ ಆ ವರ್ಷ ಬೇರೆ ಯಾವ ಮನೆಯಲ್ಲೂ ಬಂದಿರಲಿಲ್ಲ. ಆದರೆ ಗೋಡೆಗೆ ಕೈಯಿಟ್ಟರೆ ಒದ್ದೆ. ಮೂಲೆಯಲ್ಲೆಲ್ಲ ಕಪ್ಪು ಬೂಷ್ಟು.

ಮೇಲಧಿಕಾರಿಗೆ ಫೋನು ಮಾಡಿದೆ. "ಬೂಷ್ಟು ಹಿಡಿದ ಗೋಡೆಯೊಳಗೆ ಚಳಿ ತಡೆಯೋ ಹತ್ತಿ ತುರುಕ್ತೀಯೇನಯ್ಯಾ? ಮೊದಲು ಮನೆ ರಿಪೇರಿ ಮಾಡಿಸ್ಕೊಳ್ಳೋಕೆ ಹೇಳು. ಅದು ನಮ್ಮ ಕೆಲಸ ಅಲ್ಲ," ಎಂದು ಇಟ್ಟುಬಿಟ್ಟ.

ಆಯ್ಲಿ ಎಲ್ಲ ಕೇಳಿಸಿಕೊಂಡಿದ್ದಳು. ಹಿಂದೆ ನಿಂತಿದ್ದ ವರ್ನ್‌ಗೂ ಕೇಳಿಸಿತ್ತು. ಅವನು ಒಳಗೆ ಹೋಗಿ ಚೀಲವನ್ನೂ ಅಕಾರ್ಡಿಯನ್ನನ್ನೂ ಹೊತ್ತುತಂದ.

"ಎಲ್ಲಿಗೋ?" ಎಂದಳು ಅಕ್ಕ.

"ಡುವೇನ್ ಬಾ ಅಂದಿದಾನೆ. ಒಂದ್ಸಲ ಬೆಚ್ಚಗಿದ್ಬಿಟ್ಟೆ ಕಣೇ, ಇನ್ನು ಆ ಹೀಟರ್ ಮುಂದೆ ಮುದುರ್ಕೊಂಡು ಕೂರೋಕೆ ನನ್ ಕೈಲಾಗಲ್ಲ."

"ಬೆಚ್ಚಗೆ ಮಾಡಿದ್ದು ಯಾರೋ?"

"ನೀನೇ. ಸೂರು ಬೀಳಿಸಿದ್ದೂ ನೀನೇ."

ಅವನು ಹಿಂದಿರುಗಿ ನೋಡದೆ ರಸ್ತೆ ದಾಟಿದ. ನಾವು ಹೊಸದಾಗಿ ಭದ್ರಮಾಡಿದ್ದ ಡುವೇನನ ಆ ಮನೆಯ ಗ್ಯಾಸಿನ ಖರ್ಚು ಅರ್ಧಕ್ಕಿಳಿಯುತ್ತದೆಂದು ನಾನೇ ಅಂದಾಜು ಬರೆದಿದ್ದೆ. ಕಿಟಕಿ ಆಗಲೂ ತೆರೆದೇ ಇತ್ತು. ಡುವೇನ್ ಅಲ್ಲಿಂದಲೇ ಕೂಗಿದ: "ಏ ಆಯ್ಲಿ, ನಿಂಗೂ ಒಂದು ಕುರ್ಚಿ ಹಾಕ್ಲಾ? ಬಾಡಿಗೆ ಬೇಡ, ಬ್ರೆಡ್ ಸುಟ್ಕೊಟ್ರೆ ಸಾಕು!"

ಅವಳು ಆ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಾ ಕೇಳಿದಳು: "ಆವತ್ತು ಉರಿಸಿ ಅಂದೆಯಲ್ಲ, ತಮಾಷೆಗೆ ಅಂದಿದ್ದಾ?"

ಚಿಕ್ಕಂದಿನಲ್ಲಿ ಬಸ್ಸಿನ ಕನ್ನಡಿಯಲ್ಲಿ ನಮ್ಮನ್ನು ನೋಡುತ್ತಿದ್ದ ಅದೇ ಕಣ್ಣುಗಳು.

"ಇಲ್ಲ," ಎಂದೆ. "ಲೆಕ್ಕ ಹಾಗೇ ಇತ್ತು."

"ಹಾಗಾದ್ರೆ ಸರಿ," ಎಂದಳು ಆಯ್ಲಿ. ಒಳಗೆ ಹೋಗಿ, ಅಡುಗೆಮನೆಯಿಂದ ತಮ್ಮನ ಮಂಚವನ್ನು ಒಬ್ಬಳೇ ಹೊರಗೆ ಎಳೆಯತೊಡಗಿದಳು. ಅದು ಬಾಗಿಲಿಗೆ ಸಿಕ್ಕಿಕೊಂಡಿತು. ನಾನು ಕೈಹಾಕಲು ಹೋದರೆ ಬೇಡವೆಂದಳು. ಫೈಲಿನಲ್ಲಿ 'ಮುಂದೂಡಲಾಗಿದೆ' ಎಂದು ಬರೆದು ಹೊರಟೆ.